ವ್ರ್ಯಾಪ್ ಮತ್ತು ಪಿಪಿಎಫ್ ಹೊದಿಸಿದ ವಾಹನಕ್ಕೆ ಪಾಲಿಶ್: ಆರಿಸುವ ಕ್ರಮ, ಹಚ್ಚುವ ಕ್ರಮ

ಬಣ್ಣಕ್ಕೆಂದು ತಯಾರಾದ ಪಾಲಿಶನ್ನು ವಾಹನದ ಮೈಗೆ ಅಂಟಿಸಿದ ಪ್ಲಾಸ್ಟಿಕ್ ಫಿಲ್ಮ್ (ವ್ರ್ಯಾಪ್ ಅಥವಾ ಪಿಪಿಎಫ್) ಮೇಲೆ ಹಚ್ಚಿದಾಗ ಆಗುವ ಹಾನಿ ಅಂದೇ ಕಣ್ಣಿಗೆ ಬೀಳುವುದು ಅಪರೂಪ. ಹಚ್ಚಿದ ದಿನ ವಾಹನ ಚೆನ್ನಾಗಿಯೇ ಹೊಳೆಯುತ್ತದೆ. ಕೆಲವು ವಾರ ಕಳೆದ ಮೇಲೆ ಫಿಲ್ಮಿನ ಅಂಚಿನುದ್ದಕ್ಕೂ ಬಿಳಿ ಗೆರೆ ಎದ್ದು ಕಾಣತೊಡಗುತ್ತದೆ, ಮೊದಲು ಹನಿಹನಿಯಾಗಿ ಉರುಳಿ ಹೋಗುತ್ತಿದ್ದ ನೀರು ಹರಡಿಕೊಂಡು ನಿಲ್ಲುತ್ತದೆ, ಮ್ಯಾಟ್ ಮೇಲ್ಮೈಯಾಗಿದ್ದರೆ ಅಲ್ಲಲ್ಲಿ ಎಣ್ಣೆ ಒರೆಸಿದಂಥ ತೇಪೆಗಳು ಉಳಿಯುತ್ತವೆ. ಬಿಳಿ ಗೆರೆಯನ್ನು ಶ್ರಮಪಟ್ಟು ತೆಗೆಯಬಹುದು. ಸವೆದ ಮೇಲ್ಪದರವನ್ನಾಗಲಿ, ಉಜ್ಜಿ ನುಣುಪಾದ ಮ್ಯಾಟ್ ಮೇಲ್ಮೈಯನ್ನಾಗಲಿ ಮೊದಲಿನ ಸ್ಥಿತಿಗೆ ತರಲು ಫಿಲ್ಮ್ ಬದಲಾಯಿಸುವುದೊಂದೇ ದಾರಿ.

ವಾಹನದ ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಗಟ್ಟಿಯಾದ ಪದರ. ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪವಿರುವ ಅದರಿಂದ ಒಂದೆರಡು ಮೈಕ್ರಾನ್ ಉಜ್ಜಿ ತೆಗೆದರೂ ಕೆಳಗೆ ಅದೇ ಗುಣದ ಹೊಸ ಮೇಲ್ಮೈ ಸಿಗುತ್ತದೆ, ಮತ್ತು ಬಣ್ಣದ ಪಾಲಿಶ್ ಕೆಲಸವೆಲ್ಲ ನಿಂತಿರುವುದು ಈ ಅನುಕೂಲದ ಮೇಲೆಯೇ. ಫಿಲ್ಮಿಗೆ ಆ ಅನುಕೂಲವಿಲ್ಲ. ಕೊಳೆ ಹಿಡಿಯದಿರುವುದು, ನೀರು ಜಾರುವುದು, ಬಿಸಿಲಿಗೆ ಕಂದದಿರುವುದು ಮುಂತಾದ ಗುಣಗಳಿಗೆಲ್ಲ ಅದರ ಮೇಲಿನ ತೆಳುಪದರವೇ ಮುಖ್ಯ ಆಸರೆ. ಅದು ಸವೆದರೆ ಕೆಳಗೆ ಸಿಗುವುದು ಕಲೆಯನ್ನು ಬೇಗ ಹೀರಿಕೊಳ್ಳುವ ಮೆತ್ತನೆಯ ಪ್ಲಾಸ್ಟಿಕ್. ಹೀಗಾಗಿ ಫಿಲ್ಮಿಗೆ ಬೇಕಾದದ್ದು, ಬಹುಪಾಲು ಸಂದರ್ಭಗಳಲ್ಲಿ, ಏನನ್ನೂ ಕೆರೆದು ತೆಗೆಯದೆ ಮೇಲೊಂದು ರಕ್ಷಣೆಯನ್ನು ಕೂರಿಸುವ ವಸ್ತು. ಆಯ್ಕೆಯೂ ಹಚ್ಚುವ ವಿಧಾನವೂ ಇದರಿಂದಲೇ ನಿರ್ಧಾರವಾಗಬೇಕು.

ಮೊದಲು ಫಿಲ್ಮ್ ಯಾವುದೆಂದು ತಿಳಿಯಿರಿ

ಬಣ್ಣ ಬದಲಾಯಿಸಲು ಅಥವಾ ಜಾಹೀರಾತು ಮುದ್ರಿಸಲು ಬಳಸುವ ವ್ರ್ಯಾಪ್ ಪಿವಿಸಿ ವಿನೈಲ್‌ನಿಂದ ಆದದ್ದು. ಉತ್ತಮ ದರ್ಜೆಯ ಕಾಸ್ಟ್ ವಿನೈಲ್‌ನ ಮೂಲ ಹಾಳೆ ಸುಮಾರು 50 ಮೈಕ್ರಾನ್ ದಪ್ಪವಿದ್ದು, ಮೇಲ್ಪದರ ಸೇರಿದಾಗ ಇನ್ನಷ್ಟು ಹೆಚ್ಚುತ್ತದೆ. ಅದು ಮೈತಿರುವುಗಳಿಗೆ ಬಾಗುವುದು ಒಳಗೆ ಬೆರೆಸಿರುವ ಪ್ಲಾಸ್ಟಿಸೈಸರ್‌ನಿಂದ. ಪೆಟ್ರೋಲಿಯಂ ದ್ರಾವಕಗಳು ಆ ಪ್ಲಾಸ್ಟಿಸೈಸರನ್ನು ಹೊರಗೆಳೆಯುತ್ತವೆ. ಆಗ ವಿನೈಲ್ ಬಿರುಸಾಗಿ, ಅಂಚುಗಳಲ್ಲಿ ಕುಗ್ಗಿ, ಕೊನೆಗೆ ಸೀಳುತ್ತದೆ.

ಬಣ್ಣವನ್ನು ಕಲ್ಲೇಟಿನಿಂದ ಕಾಯಲು ಹಾಕುವ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಬೇರೆಯೇ ವಸ್ತು. ಅದು ಟಿಪಿಯು ಎಂಬ ಪಾಲಿಯುರೆಥೇನ್‌ನಿಂದ ಆದದ್ದು. ಸಾಮಾನ್ಯ ದಪ್ಪ 150ರಿಂದ 200 ಮೈಕ್ರಾನ್. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರ್‌ಗಳ ತಿರುಗುವ ರೆಕ್ಕೆಗಳನ್ನು ಮರಳಿನ ಹೊಡೆತದಿಂದ ಉಳಿಸಲು ರೂಪುಗೊಂಡ ಪಾಲಿಯುರೆಥೇನ್ ಟೇಪ್‌ನ ವಂಶದಲ್ಲಿ ಬಂದದ್ದರಿಂದ, ಹೊಡೆತವನ್ನು ನುಂಗಿಕೊಳ್ಳುವುದೇ ಅದರ ಬಲ. ಹೊಡೆತ ತಾಳುವ ವಸ್ತು ಉಜ್ಜುವಿಕೆಯನ್ನೂ ತಾಳುತ್ತದೆ ಎಂದು ಭಾವಿಸಬಾರದು. ಈಗಿನ ಪಿಪಿಎಫ್‌ಗಳ ಮೇಲಿರುವ ಟಾಪ್ ಕೋಟ್ ಬಿಸಿ ತಗುಲಿದಾಗ ಹರಿದುಕೊಂಡು ಸಣ್ಣ ಗೀರುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ; ಒರಟಾದ ಪಾಲಿಶ್ ಮೊದಲು ಬಲಿ ತೆಗೆದುಕೊಳ್ಳುವುದು ಈ ಕೋಟನ್ನೇ.

ಯಾವುದು ಹೊದಿಸಿದೆ ಎಂಬ ಸಂದೇಹವಿದ್ದರೆ ಬಾಗಿಲು ತೆರೆದು ಒಳಮಡಿಕೆಯಲ್ಲಿ ಫಿಲ್ಮ್ ಮುಗಿಯುವ ಜಾಗವನ್ನು ಹುಡುಕಿ, ಅದರ ಮೇಲೆ ಉಗುರನ್ನು ಮೆಲ್ಲನೆ ಆಡಿಸಿ ನೋಡಬೇಕು. ಪಿಪಿಎಫ್ ಆಗಿದ್ದರೆ ಉಗುರಿಗೆ ಸ್ಪಷ್ಟವಾದ ಮೆಟ್ಟಿಲು ಸಿಗುತ್ತದೆ, ಅಂಚು ರಬ್ಬರಿನಂತೆ ತುಸು ಒತ್ತಿಕೊಳ್ಳುತ್ತದೆ. ವಿನೈಲ್ ಅಂಚು ಕಾಗದದಂತೆ ತೆಳುವಾಗಿ, ಬಹುಮಟ್ಟಿಗೆ ಬಣ್ಣದ್ದಾಗಿ ಇರುತ್ತದೆ. ಬಣ್ಣದ ಪಿಪಿಎಫ್‌ಗಳೂ ಈಗ ಬಳಕೆಯಲ್ಲಿರುವುದರಿಂದ ಬಣ್ಣವೊಂದನ್ನೇ ನಂಬಬಾರದು. ಅಳವಡಿಸಿದವರು ಕೊಟ್ಟ ವಾರಂಟಿ ಪತ್ರ ಕೈಯಲ್ಲಿದ್ದರೆ ಅದೇ ಅತ್ಯುತ್ತಮ ಆಧಾರ. ಅದರಲ್ಲಿ ಆರೈಕೆಯ ಬಗ್ಗೆ ಬರೆದಿರುವ ಮಾತು ಈ ಲೇಖನದ ಯಾವುದೇ ಸಲಹೆಗಿಂತ ಮೇಲು; ಅದಕ್ಕೆ ವಿರುದ್ಧವಾಗಿ ನಡೆದರೆ ವಾರಂಟಿ ಕೈತಪ್ಪಬಹುದು.

ಡಬ್ಬಿ ಆರಿಸುವಾಗ

ಅಂಗಡಿಯ ಸಾಲಿನಲ್ಲಿ ಕಾಂಪೌಂಡ್, ಪಾಲಿಶ್, ಕ್ಲೀನರ್ ವ್ಯಾಕ್ಸ್, ವ್ಯಾಕ್ಸ್, ಸೀಲೆಂಟ್, ಸೆರಾಮಿಕ್ ಸ್ಪ್ರೇ ಎಲ್ಲವೂ ಅಕ್ಕಪಕ್ಕದಲ್ಲೇ ಇರುತ್ತವೆ. ಇವುಗಳನ್ನು ಬೇರ್ಪಡಿಸಲು ಒಂದೇ ಪ್ರಶ್ನೆ ಸಾಕು: ಇದು ಮೇಲ್ಮೈಯಿಂದ ಏನನ್ನಾದರೂ ತೆಗೆಯುತ್ತದೆಯೇ, ಅಥವಾ ಮೇಲ್ಮೈಗೆ ಏನನ್ನಾದರೂ ಸೇರಿಸುತ್ತದೆಯೇ? ಕಾಂಪೌಂಡ್ ಮತ್ತು ಪಾಲಿಶ್‌ಗಳಲ್ಲಿ ಅಲ್ಯೂಮಿನಿಯಂ ಆಕ್ಸೈಡ್‌ನಂಥ ಸೂಕ್ಷ್ಮ ಹರಳುಗಳಿರುತ್ತವೆ, ಅವು ತೆಗೆಯುತ್ತವೆ. ಕ್ಲೀನರ್ ವ್ಯಾಕ್ಸ್ ಹೆಸರಿನಿಂದ ನಿರುಪದ್ರವಿಯಂತೆ ಕಂಡರೂ ಅದರಲ್ಲಿ ಸಾಮಾನ್ಯವಾಗಿ ಹರಳೋ ದ್ರಾವಕವೋ ಎರಡೂ ಕೂಡಿಯೋ ಇರುತ್ತವೆ. ಫಿಲ್ಮಿನ ಮಟ್ಟಿಗೆ ಅದನ್ನೂ ತೆಗೆಯುವ ಗುಂಪಿಗೇ ಸೇರಿಸಬೇಕು. ಗೀರು ತೆಗೆಯುತ್ತದೆ, ಆಕ್ಸಿಡೇಷನ್ ನಿವಾರಿಸುತ್ತದೆ, ಬಣ್ಣವನ್ನು ಮರಳಿ ತರುತ್ತದೆ ಎಂಬ ಭರವಸೆ ಡಬ್ಬಿಯ ಮೇಲಿದ್ದರೆ ಅದು ಉಜ್ಜುವ ವಸ್ತು ಎಂದೇ ತಿಳಿಯುವುದು ಕ್ಷೇಮ.

ಕಾರ್ನೌಬಾ ಪೇಸ್ಟ್ ವ್ಯಾಕ್ಸ್ ಮೇಲ್ಮೈಗೆ ಸೇರಿಸುವ ಗುಂಪಿನದೇ. ಆದರೂ ಫಿಲ್ಮಿಗೆ ಅದನ್ನು ನಾನು ಮೊದಲ ಆಯ್ಕೆಯಾಗಿ ಸೂಚಿಸುವುದಿಲ್ಲ. ಪೇಸ್ಟನ್ನು ಹದ ಮಾಡಲು ಅನೇಕ ತಯಾರಕರು ಪೆಟ್ರೋಲಿಯಂ ದ್ರಾವಕ ಬಳಸುತ್ತಾರೆ, ಒಣಗಿದ ವ್ಯಾಕ್ಸ್ ಅಂಚುಗಳಲ್ಲಿ ಸಿಕ್ಕಿಕೊಂಡು ಬೆಳ್ಳಗಾಗುತ್ತದೆ, ತಿಳಿಬಣ್ಣದ ಫಿಲ್ಮಿನ ಮೇಲೆ ಹಳದಿ ಛಾಯೆಯನ್ನೂ ಕೊಡಬಹುದು. ಅದಕ್ಕಿಂತ ಒಳ್ಳೆಯದು ನೀರಿನ ಆಧಾರದ ಪಾಲಿಮರ್ ಸೀಲೆಂಟ್ ಅಥವಾ ಸಿಲಿಕಾ ಬೆರೆತ ಸೆರಾಮಿಕ್ ಸ್ಪ್ರೇ. ಇವು ತೆಳುವಾಗಿ ಹರಡುತ್ತವೆ, ಒರೆಸಿದರೆ ಸುಲಭವಾಗಿ ಬರುತ್ತವೆ, ನೀರು ಜಾರುವ ಗುಣವನ್ನು ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಉಳಿಸುತ್ತವೆ. ಇನ್ನೂ ದೀರ್ಘಕಾಲ ನಿಲ್ಲುವ ಸೆರಾಮಿಕ್ ಕೋಟಿಂಗ್ ಕೂಡ ಇದೆ, ಆದರೆ ಅದನ್ನು ಆರಿಸುವಾಗ ವಿನೈಲ್ ಅಥವಾ ಪಿಪಿಎಫ್ ಮೇಲೆ ಬಳಸಬಹುದೆಂದು ತಯಾರಕರೇ ಹೇಳಿರುವುದನ್ನು ಮಾತ್ರ ಕೊಳ್ಳಬೇಕು. ಬಣ್ಣಕ್ಕೆಂದೇ ಆದ ಗಟ್ಟಿ ಕೋಟಿಂಗ್ ಫಿಲ್ಮಿನ ಜೊತೆ ಹಿಗ್ಗಿ ಕುಗ್ಗಲಾರದೆ ಹೋಗಬಹುದು. ಟಾಪ್ ಕೋಟ್ ಮೇಲೆ ಅದು ದಪ್ಪವಾಗಿ ಕೂತರೆ ಗೀರು ತಾನೇ ಮುಚ್ಚಿಕೊಳ್ಳುವ ಗುಣಕ್ಕೂ ಅಡ್ಡಿಯಾಗುತ್ತದೆ.

ಹೊಸ ಡಬ್ಬಿ ತಂದಾಗ, ಅದು ಎಷ್ಟೇ ನಂಬಿಕೆಯ ತಯಾರಕರದ್ದಾಗಿರಲಿ, ಒಂದು ಪರೀಕ್ಷೆಯನ್ನು ಬಿಡಬಾರದು. ಬಂಪರಿನ ಕೆಳಭಾಗದಂಥ ಕಣ್ಣಿಗೆ ಬೀಳದ ಕಡೆ ಅಂಗೈ ಅಗಲದ ಜಾಗಕ್ಕೆ ಬಿಳಿಯ ಬಟ್ಟೆಯಿಂದ ಹಚ್ಚಿ, ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ತೊಳೆದು ಶುಭ್ರವಾದ ಬಣ್ಣದ ವ್ರ್ಯಾಪ್ ಮೇಲಿಂದ ಬಟ್ಟೆಗೆ ಬಣ್ಣ ಹತ್ತಿದ್ದರೆ ಆ ವಸ್ತು ಫಿಲ್ಮನ್ನು ಕರಗಿಸುತ್ತಿದೆ ಅಥವಾ ಕೆರೆಯುತ್ತಿದೆ. ಬಟ್ಟೆ ಬಿಳಿಯಾಗಿಯೇ ಉಳಿದು, ಮರುದಿನ ಬಿಸಿಲಲ್ಲಿ ನೋಡಿದಾಗಲೂ ಆ ಜಾಗ ಅಕ್ಕಪಕ್ಕದಂತೆಯೇ ಕಂಡರೆ ಮುಂದುವರಿಯಬಹುದು.

ಮಂಕಿಗೆ ಕಾರಣ ಹುಡುಕುವುದು

ಪಾಲಿಶ್ ಬೇಕು ಎಂದು ಅನ್ನಿಸುವ ಬಹಳಷ್ಟು ಸಂದರ್ಭಗಳಲ್ಲಿ ನಿಜಕ್ಕೂ ಬೇಕಾಗಿರುವುದು ಸರಿಯಾದ ತೊಳೆತ. ಮೇಲ್ಮೈಯಲ್ಲಿ ಕೂತ ಧೂಳು ಮತ್ತು ಹೊಗೆಯ ಜಿಡ್ಡಿನ ಪೊರೆ ಹೊಳಪನ್ನು ಪೂರ್ತಿ ಮುಚ್ಚಿಬಿಡಬಲ್ಲದು. ಆದ್ದರಿಂದ ತೊಳೆದು ಒಣಗಿಸಿದ ಮೇಲೆಯೇ ದೋಷವನ್ನು ಗುರುತಿಸಬೇಕು.

ಪಿಪಿಎಫ್ ಮೇಲೆ ಜೇಡನ ಬಲೆಯಂಥ ಸಣ್ಣ ಗೀರುಗಳು ಕಂಡರೆ ಪಾಲಿಶ್ ಡಬ್ಬಿಯನ್ನು ಬದಿಗಿಟ್ಟು ಮೊದಲು ಬಿಸಿಯನ್ನು ಪ್ರಯೋಗಿಸಿ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದ ನೀರನ್ನು ಗೀರುಗಳ ಮೇಲೆ ನಿಧಾನವಾಗಿ ಸುರಿದರೆ, ಗೀರು ಟಾಪ್ ಕೋಟ್ ದಾಟಿ ಇಳಿಯದಿದ್ದ ಪಕ್ಷದಲ್ಲಿ, ಕಣ್ಣೆದುರಿಗೇ ಮಸುಕಾಗುತ್ತಾ ಹೋಗುತ್ತದೆ. ಕುದಿಯುವ ನೀರು ಬೇಡ. ಹೀಟ್ ಗನ್ ಬಳಸುವುದಾದರೆ ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಬೇಕು. ಅಭ್ಯಾಸವಿಲ್ಲದವರಿಗೆ ನೀರೇ ಸುರಕ್ಷಿತ. ಬಿಸಿಗೂ ಮಾಯದ ಗೀರು ಫಿಲ್ಮಿನ ಒಡಲಿಗೆ ಇಳಿದಿದೆ ಎಂದರ್ಥ, ಅದನ್ನು ಪಾಲಿಶ್ ಕೂಡ ಮಾಯಿಸದು. ವಿನೈಲ್‌ಗೆ ಈ ಗುಣವಿಲ್ಲ, ಅದರ ಮೇಲಿನ ಗೀರು ಗೀರಾಗಿಯೇ ಉಳಿಯುತ್ತದೆ.

ದುಂಡನೆಯ ಬಿಳಿ ಉಂಗುರಗಳು ಗಡಸು ನೀರು ಒಣಗಿ ಉಳಿದ ಲವಣ. ಪಿಪಿಎಫ್ ಮೇಲಾದರೆ ಬಿಳಿ ವಿನಿಗರ್‌ಗೆ ಅಷ್ಟೇ ಪ್ರಮಾಣದ ಡಿಸ್ಟಿಲ್ಡ್ ನೀರು ಬೆರೆಸಿ, ಬಟ್ಟೆ ಅದ್ದಿ ಕಲೆಯ ಮೇಲೆ ಒಂದು ನಿಮಿಷಕ್ಕೆ ಮೀರದಂತೆ ಇಟ್ಟು, ಕೂಡಲೇ ಧಾರಾಳ ನೀರಿನಿಂದ ತೊಳೆಯಬೇಕು. ಹಕ್ಕಿ ಹಿಕ್ಕೆ, ಕೀಟಗಳ ಅವಶೇಷ, ಮರದ ಅಂಟು ಇವು ಮೂರೂ ಕಾಯ್ದಷ್ಟೂ ಕೆಡುಕು. ಬೆಚ್ಚಗಿನ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಮೇಲೆ ಹೊದಿಸಿ ಅವು ಮೆತ್ತಗಾದ ಮೇಲೆ ಎತ್ತಬೇಕೇ ಹೊರತು ಕೆರೆಯಬಾರದು. ಟಾರ್ ಚುಕ್ಕೆಗಳಿಗೆ ದ್ರಾವಕ ಅನಿವಾರ್ಯವಾದರೆ ಚುಕ್ಕೆಯಷ್ಟೇ ಜಾಗಕ್ಕೆ ಬಟ್ಟೆಯ ತುದಿಯಿಂದ ಮುಟ್ಟಿಸಿ, ಅಂಚುಗಳಿಂದ ದೂರವಿಟ್ಟು, ತಕ್ಷಣ ಸೋಪು ನೀರಿನಿಂದ ತೊಳೆಯಿರಿ. ಇನ್ನು ಇಡೀ ಪಾರದರ್ಶಕ ಫಿಲ್ಮ್ ಹಳದಿಯಾಗಿದ್ದರೆ, ಆ ಬದಲಾವಣೆ ಆಗಿರುವುದು ವಸ್ತುವಿನ ಒಳಗೆ ಅಥವಾ ಅಂಟಿನಲ್ಲಿ. ಮೇಲೆ ಏನು ಹಚ್ಚಿದರೂ ಅದು ಹೋಗದು.

ತೊಳೆಯುವ ಕೆಲಸ

ಹೊಸದಾಗಿ ಹೊದಿಸಿದ ಫಿಲ್ಮಿಗೆ ಕನಿಷ್ಠ ಒಂದು ವಾರ ತೊಳೆತವೂ ಬೇಡ, ಹಚ್ಚುವಿಕೆಯೂ ಬೇಡ. ಅಂಟು ಪೂರ್ತಿ ಹಿಡಿದುಕೊಳ್ಳಲು, ಪಿಪಿಎಫ್ ಆದರೆ ಅಳವಡಿಸುವಾಗ ಅಡಿಯಲ್ಲಿ ಉಳಿದ ನೀರು ಆರಲು, ಆ ಸಮಯ ಬೇಕು.

ಶಾಂಪೂ ತಟಸ್ಥ ಗುಣದ್ದಾಗಿರಲಿ. 3ಎಂ ಸಂಸ್ಥೆ ತನ್ನ ಫಿಲ್ಮ್‌ಗಳಿಗೆ ಹೇಳುವ ಮಿತಿ ಪಿಎಚ್ 3ರಿಂದ 11ರವರೆಗೆ, ಬಲವಾದ ದ್ರಾವಕವಾಗಲಿ ಉಜ್ಜುವ ಹರಳಾಗಲಿ ಇಲ್ಲದ್ದು. ಎರಡು ಬಕೆಟ್ ಇಟ್ಟುಕೊಂಡು ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಕೈಗವಸು ಜಾಲಿಸಲು ಬರಿನೀರು ತುಂಬಿ, ಛಾವಣಿಯಿಂದ ಕೆಳಕ್ಕೆ ತೊಳೆಯುತ್ತಾ ಬರಬೇಕು. ಪ್ರೆಶರ್ ವಾಷರ್ ಬಳಸುವವರಿಗೆ ಅದೇ ಸಂಸ್ಥೆ ಕೊಟ್ಟಿರುವ ಅಂಕಿಗಳು ನೆನಪಿನಲ್ಲಿರಲಿ: ಒತ್ತಡ 2000 ಪಿಎಸ್‌ಐಗಿಂತ ಕಡಿಮೆ, ನೀರಿನ ಉಷ್ಣತೆ 80 ಡಿಗ್ರಿಗಿಂತ ಕಡಿಮೆ, 40 ಡಿಗ್ರಿ ಅಗಲದ ನಾಜಲ್, ಮೇಲ್ಮೈಯಿಂದ ಕನಿಷ್ಠ 30 ಸೆಂಟಿಮೀಟರ್ ದೂರ, ಮತ್ತು ಧಾರೆ ಮೇಲ್ಮೈಗೆ ನೇರವಾಗಿ ಬೀಳಬೇಕು. ಕೊನೆಯ ಷರತ್ತನ್ನೇ ಜನ ಹೆಚ್ಚಾಗಿ ಮರೆಯುತ್ತಾರೆ. ಓರೆಯಾಗಿ ಬಿಟ್ಟ ಧಾರೆ ಅಂಚಿನ ಅಡಿಗೆ ನುಗ್ಗಿ ಫಿಲ್ಮನ್ನು ಎಬ್ಬಿಸುತ್ತದೆ.

ಒಣಗಿಸಲು ದಪ್ಪ ಮೈಕ್ರೋಫೈಬರ್ ಟವೆಲನ್ನು ಒತ್ತಿ ಎತ್ತಿದರೆ ಸಾಕು, ಎಳೆದಾಡಬೇಕಿಲ್ಲ. ಅಂಚುಗಳಲ್ಲಿ ಮತ್ತು ಲೋಗೋ ಸುತ್ತ ನಿಂತ ನೀರನ್ನು ಗಾಳಿಯಿಂದ ಹೊರಹಾಕದಿದ್ದರೆ ಅದು ಹಚ್ಚುವ ಸಮಯಕ್ಕೆ ಸರಿಯಾಗಿ ಇಳಿದು ಬಂದು ಕೆಲಸ ಕೆಡಿಸುತ್ತದೆ.

ಹಚ್ಚುವ ಕ್ರಮ

ನೆರಳು ಬೇಕು, ಮುಟ್ಟಿದರೆ ತಣ್ಣಗಿರುವ ಮೇಲ್ಮೈ ಬೇಕು. ಬಿಸಿ ಬಾನೆಟ್ ಮೇಲೆ ಬಿದ್ದ ಸೀಲೆಂಟ್ ಹರಡುವ ಮೊದಲೇ ಒಣಗಿ ಪಟ್ಟೆಪಟ್ಟೆಯಾಗಿ ಹಿಡಿದುಕೊಳ್ಳುತ್ತದೆ, ಅದನ್ನು ಬಿಡಿಸಲು ಹೋದಾಗ ಹೊಸ ಗೀರುಗಳಾಗುತ್ತವೆ.

ಹಳೆಯ ವ್ಯಾಕ್ಸ್ ಅಥವಾ ಜಿಡ್ಡು ಉಳಿದಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಸಮಪ್ರಮಾಣದ ನೀರು ಬೆರೆಸಿ, ಬಟ್ಟೆಗೆ ಸಿಂಪಡಿಸಿಕೊಂಡು ಒಂದು ಸುತ್ತು ಒರೆಸಿ. ಮುದ್ರಿತ ವ್ರ್ಯಾಪ್ ಮೇಲೆ ಲ್ಯಾಮಿನೇಷನ್ ಇಲ್ಲದಿದ್ದರೆ ಈ ಹಂತವನ್ನು ಬಿಡಲೇಬೇಕು, ಏಕೆಂದರೆ ಆಲ್ಕೋಹಾಲ್ ಶಾಯಿಯನ್ನೇ ಎಬ್ಬಿಸಬಹುದು.

ಒಂದು ಸಲಕ್ಕೆ ಸುಮಾರು 60 ಸೆಂಟಿಮೀಟರ್ ಉದ್ದಗಲದ ಜಾಗವನ್ನಷ್ಟೇ ತೆಗೆದುಕೊಳ್ಳಿ. ಸ್ಪ್ರೇಯನ್ನು ಫಿಲ್ಮಿನ ಮೇಲೆ ಸಿಂಪಡಿಸುವ ಬದಲು ಮಡಿಸಿದ ಮೈಕ್ರೋಫೈಬರ್ ಬಟ್ಟೆಯ ಮೇಲೆ ಎರಡು ಮೂರು ಸಲ ಒತ್ತಿಕೊಂಡರೆ ಅಂಚಿನೊಳಗೆ ದ್ರವ ಹರಿಯುವುದಿಲ್ಲ. ಬಟ್ಟೆಯ ತೂಕ ಚದರ ಮೀಟರಿಗೆ 300ರಿಂದ 400 ಗ್ರಾಂ ಇದ್ದರೆ ಸೂಕ್ತ, ಅಂಚಿಗೆ ದಪ್ಪ ಹೊಲಿಗೆ ಇಲ್ಲದ್ದಾದರೆ ಇನ್ನೂ ಒಳ್ಳೆಯದು. ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ, ಒಂದು ಎಳೆತ ಇನ್ನೊಂದರ ಮೇಲೆ ಅರ್ಧ ಏರುವಂತೆ ಹರಡಬೇಕು. ಕೈಯ ಭಾರವೇ ಸಾಕು; ಒತ್ತಡ ಹಾಕಿದರೆ ಹೊಳಪು ಹೆಚ್ಚುವುದಿಲ್ಲ.

ಅಂಚಿನ ಹತ್ತಿರ ಬಂದಾಗ ಕೈಯ ದಿಕ್ಕು ಮುಖ್ಯವಾಗುತ್ತದೆ. ಫಿಲ್ಮಿನ ಒಳಭಾಗದಿಂದ ಹೊರಗೆ, ಅಂಚನ್ನು ದಾಟಿ ಹೋಗುವಂತೆ ಒರೆಸಬೇಕು, ಇಲ್ಲವೇ ಅಂಚಿಗೆ ಸಮಾನಾಂತರವಾಗಿ ಒರೆಸಬೇಕು. ಹೊರಗಿನಿಂದ ಒಳಕ್ಕೆ ಎಳೆದ ಬಟ್ಟೆ ಅಂಚಿಗೆ ಸಿಕ್ಕಿ ಅದನ್ನು ಎಬ್ಬಿಸುತ್ತದೆ, ಎದ್ದ ಸೀಳಿನಲ್ಲಿ ದ್ರವವೂ ಧೂಳೂ ತುಂಬಿಕೊಂಡು ಮತ್ತೆ ಅಂಟದಂತಾಗುತ್ತದೆ. ದೀರ್ಘಕಾಲದ ಕೋಟಿಂಗ್ ಹಚ್ಚುವವರು ಕೊನೆಯ ಒಂದೆರಡು ಮಿಲಿಮೀಟರನ್ನು ಖಾಲಿ ಬಿಟ್ಟರೆ ನಷ್ಟವೇನಿಲ್ಲ. ಒರೆಸುವಾಗ ತಾನಾಗಿಯೇ ಅಲ್ಲಿಗೂ ಸ್ವಲ್ಪ ತಲುಪುತ್ತದೆ.

ಹರಡಿದ ಮೇಲೆ ದೀಪವನ್ನೋ ಕಿಟಕಿಯ ಬೆಳಕನ್ನೋ ಓರೆಯಾಗಿ ಬೀಳಿಸಿಕೊಂಡು ನೋಡುತ್ತಿರಿ. ಹಸಿಯಾಗಿ ಹೊಳೆಯುವ ಪೊರೆ ಕೆಲವು ಕ್ಷಣಗಳಲ್ಲಿ ಕಾಮನಬಿಲ್ಲಿನ ಬಣ್ಣ ತಾಳುತ್ತದೆ ಅಥವಾ ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಕೋಟಿಂಗ್ ಒರೆಸಲು ಅದೇ ಹದ. ತಡವಾದರೆ ಎತ್ತರ ತಗ್ಗಿನ ಕಪ್ಪು ಗುರುತುಗಳು ಗಟ್ಟಿಯಾಗಿ ನಿಲ್ಲುತ್ತವೆ, ಮತ್ತು ಬಣ್ಣದ ಮೇಲಾದರೆ ಅವನ್ನು ಪಾಲಿಶ್ ಮಾಡಿ ತೆಗೆಯುವ ಅವಕಾಶವಿದ್ದಂತೆ ಫಿಲ್ಮಿನ ಮೇಲೆ ಇರುವುದಿಲ್ಲ. ಸ್ಪ್ರೇ ಸೀಲೆಂಟ್ ಆದರೆ ಕಾಯಬೇಕಿಲ್ಲ, ಹರಡಿದ ಕೂಡಲೇ ಒಣ ಬಟ್ಟೆಯ ಹೊಸ ಮಗ್ಗುಲಿನಿಂದ ಒರೆಸಬಹುದು. ಹಚ್ಚಲು ಒಂದು ಬಟ್ಟೆ, ಒರೆಸಲು ಇನ್ನೊಂದು, ಕೊನೆಯ ಸುತ್ತಿಗೆ ಮತ್ತೊಂದು ಇರಲಿ. ನೆಲಕ್ಕೆ ಬಿದ್ದ ಬಟ್ಟೆಯನ್ನು ಎಷ್ಟು ಕೊಡವಿದರೂ ಆ ದಿನ ಮತ್ತೆ ಬಳಸಬೇಡಿ. ಕೋಟಿಂಗ್ ಒಣಗುವ ಅವಧಿ ಡಬ್ಬಿಯ ಮೇಲೆ ಇರುತ್ತದೆ. ಅಷ್ಟು ಹೊತ್ತು ನೀರು, ಇಬ್ಬನಿ, ಧೂಳು ಸೋಕದ ಜಾಗದಲ್ಲಿ ವಾಹನ ನಿಂತಿರಲಿ.

ಮ್ಯಾಟ್, ಸ್ಯಾಟಿನ್ ಮತ್ತು ನಯವಲ್ಲದ ಮೇಲ್ಮೈಗಳು

ಮ್ಯಾಟ್ ಮೇಲ್ಮೈ ಮಂದವಾಗಿ ಕಾಣುವುದು ಅದರ ಸೂಕ್ಷ್ಮವಾದ ಏರುತಗ್ಗುಗಳು ಬೆಳಕನ್ನು ಚದುರಿಸುವುದರಿಂದ. ಪಾಲಿಶ್ ಆ ಏರುಗಳನ್ನು ಸಮ ಮಾಡುತ್ತದೆ, ವ್ಯಾಕ್ಸ್ ತಗ್ಗುಗಳನ್ನು ತುಂಬುತ್ತದೆ. ಎರಡರ ಫಲವೂ ತೇಪೆತೇಪೆಯಾದ ಹೊಳಪು. ಇಲ್ಲಿ ಮ್ಯಾಟ್ ಫಿಲ್ಮಿಗೆಂದೇ ತಯಾರಾದ ಸೀಲೆಂಟ್ ಬಿಟ್ಟು ಬೇರೇನೂ ಸಲ್ಲದು, ಅಂಟಿದ ಕೊಳೆಯನ್ನು ಎತ್ತಲು ಉಜ್ಜುವ ಜೇಡಿಮಣ್ಣಿನಂಥ ಮುದ್ದೆಯಾದ ಕ್ಲೇ ಬಾರ್ ಕೂಡ ಬೇಡ. ಒರೆಸುವಾಗ ಒಂದೇ ಜಾಗವನ್ನು ಪದೇ ಪದೇ ತಿಕ್ಕುವುದರಿಂದಲೂ ಹೊಳಪಿನ ಕಲೆ ಬರುತ್ತದೆ. ಕಾರ್ಬನ್ ಫೈಬರ್ ನೇಯ್ಗೆಯಂಥ ಅಥವಾ ಬ್ರಷ್ ಮಾಡಿದ ಲೋಹದಂಥ ಮೇಲ್ಮೈಗಳಿಗೆ ಕೆನೆರೂಪದ ವಸ್ತುಗಳನ್ನು ಹಚ್ಚಿದರೆ ಗೆರೆಗಳ ನಡುವೆ ಬಿಳಿಪುಡಿ ಕೂರುತ್ತದೆ. ಅವಕ್ಕೆ ದ್ರವರೂಪದ ಸ್ಪ್ರೇ ಮಾತ್ರ, ಅದೂ ಗೆರೆಯ ದಿಕ್ಕಿಗೇ. ಕ್ರೋಮ್ ವ್ರ್ಯಾಪ್ ಎಲ್ಲಕ್ಕಿಂತ ಸೂಕ್ಷ್ಮ. ಅದಕ್ಕೆ ಮೃದು ಶಾಂಪೂ, ಮೆತ್ತನೆಯ ಬಟ್ಟೆ ಸಾಕು.

ಯಂತ್ರ ಬಳಸುವ ಒಂದೇ ಸಂದರ್ಭ

ಗ್ಲಾಸಿ ಪಿಪಿಎಫ್ ಮೇಲೆ ನೀರಿನ ಕಲೆ ಆಳಕ್ಕೆ ಕಚ್ಚಿ, ವಿನಿಗರ್‌ಗೂ ಬಿಸಿಗೂ ಬಗ್ಗದಿದ್ದಾಗ ಮಾತ್ರ ಯಂತ್ರದ ಮಾತು ಬರುತ್ತದೆ. ಆಗಲೂ ಡ್ಯುಯಲ್ ಆ್ಯಕ್ಷನ್ ಪಾಲಿಶರ್ (ಪ್ಯಾಡ್ ತಿರುಗುತ್ತಲೇ ಓಲಾಡುವ ಯಂತ್ರ), ಅತ್ಯಂತ ಮೆತ್ತನೆಯ ಫಿನಿಶಿಂಗ್ ಫೋಮ್ ಪ್ಯಾಡ್, ಅತಿ ನಯವಾದ ಫಿನಿಶಿಂಗ್ ಪಾಲಿಶ್, ಕಡಿಮೆ ವೇಗ ಇವಿಷ್ಟೂ ಕೂಡಿರಬೇಕು. ಪ್ಯಾಡ್ ಒಂದೇ ಅಚ್ಚಿನ ಸುತ್ತ ತಿರುಗುವ ರೋಟರಿ ಯಂತ್ರ ಒಂದೇ ಬಿಂದುವಿನಲ್ಲಿ ಬಿಸಿ ಎಬ್ಬಿಸಿ ಫಿಲ್ಮನ್ನು ಹಿಗ್ಗಿಸಿಬಿಡಬಲ್ಲದು; ಅದನ್ನು ಹತ್ತಿರ ತರಬಾರದು. ಅಂಚುಗಳಿಗೂ ಬಾಡಿಯ ಚೂಪು ಮಡಿಕೆಗಳಿಗೂ ಮಾಸ್ಕಿಂಗ್ ಟೇಪ್ ಅಂಟಿಸಿ, ಒಂದೆರಡು ಸುತ್ತು ಆಡಿಸಿ, ಅಂಗೈಯಿಂದ ಮುಟ್ಟಿ ಬಿಸಿ ನೋಡಿ, ಅರ್ಧ ಕಲೆ ಹೋದರೂ ಅಲ್ಲಿಗೇ ನಿಲ್ಲಿಸುವುದು ವಿವೇಕ. ಟೇಪನ್ನು ಬಿಡಿಸುವಾಗಲೂ ಫಿಲ್ಮಿನ ಅಂಚಿನಿಂದ ಹೊರಮುಖವಾಗಿಯೇ ಎಳೆಯಬೇಕು. ಟಾಪ್ ಕೋಟ್ ತುಸು ಸವೆದಿರುವುದರಿಂದ ಆ ಜಾಗಕ್ಕೆ ಅಂದೇ ಸೀಲೆಂಟ್ ಹಚ್ಚಬೇಕು. ವಿನೈಲ್ ವ್ರ್ಯಾಪ್‌ಗೆ ಈ ಉಪಾಯ ಅನ್ವಯಿಸುವುದಿಲ್ಲ.

ಎಷ್ಟು ದಿನಕ್ಕೊಮ್ಮೆ

ಲೆಕ್ಕವಿಟ್ಟು ಹಚ್ಚುವುದಕ್ಕಿಂತ ನೀರನ್ನು ನೋಡಿ ಹಚ್ಚುವುದು ಮೇಲು. ತೊಳೆಯುವಾಗ ಹನಿಗಳು ದುಂಡಗಾಗದೆ ಚಪ್ಪಟೆಯಾಗಿ ನಿಲ್ಲತೊಡಗಿದರೆ, ಮತ್ತು ಶುಭ್ರವಾಗಿ ತೊಳೆದ ಮೇಲೂ ಹಾಗೆಯೇ ಇದ್ದರೆ, ಸೀಲೆಂಟ್ ಮುಗಿದಿದೆ. ಬಾನೆಟ್ ಮತ್ತು ಛಾವಣಿ ಬಿಸಿಲಿಗೆ ನೇರವಾಗಿ ಒಡ್ಡಿಕೊಳ್ಳುವುದರಿಂದ ಬಾಗಿಲುಗಳಿಗಿಂತ ಬಹಳ ಮೊದಲೇ ಈ ಸ್ಥಿತಿಗೆ ಬರುತ್ತವೆ. ಅವಕ್ಕೆ ಎರಡು ಸಲ ಹಚ್ಚುವಷ್ಟರಲ್ಲಿ ಬಾಗಿಲಿಗೆ ಒಂದು ಸಲ ಸಾಕಾಗುವುದೂ ಉಂಟು. ಬಳಸಿದ ಮೈಕ್ರೋಫೈಬರ್ ಬಟ್ಟೆಗಳನ್ನು ಬೇರೆಯಾಗಿ, ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕದೆ ಒಗೆಯಬೇಕು. ಸಾಫ್ಟ್‌ನರ್ ಎಳೆಗಳಿಗೆ ಅಂಟಿ ಮುಂದಿನ ಸಲ ಫಿಲ್ಮಿನ ಮೇಲೆ ಪಟ್ಟೆ ಎಳೆಯುತ್ತದೆ.

ವಿನೈಲ್‌ನಲ್ಲಿ ಕೂದಲೆಳೆಯ ಬಿರುಕುಗಳು ಕಂಡರೆ, ಅಥವಾ ಅಂಚುಗಳು ಕುಗ್ಗಿ ಕೆಳಗಿನ ಬಣ್ಣ ಇಣುಕಿದರೆ, ಹಚ್ಚುವುದನ್ನು ನಿಲ್ಲಿಸಿ ಫಿಲ್ಮ್ ತೆಗೆಸುವ ಏರ್ಪಾಡು ಮಾಡಬೇಕು. ಬಿರುಸಾದ ವಿನೈಲ್ ತಡವಾದಷ್ಟೂ ಚೂರುಚೂರಾಗಿ ಬರುತ್ತದೆ, ಅಂಟು ಬಣ್ಣದ ಮೇಲೆಯೇ ಉಳಿಯುತ್ತದೆ. ಒಂದು ಭಾಗಕ್ಕಷ್ಟೇ ಹೊಸ ತುಂಡು ಹಾಕಿಸುವ ಯೋಚನೆಯಿದ್ದರೆ ಅದರ ಸುತ್ತಮುತ್ತ ಸೀಲೆಂಟ್, ಕೋಟಿಂಗ್, ಟೈರ್ ಡ್ರೆಸ್ಸಿಂಗ್ ಯಾವುದನ್ನೂ ಹಚ್ಚದಿರಿ. ಈಗಾಗಲೇ ಹಚ್ಚಿದ್ದರೆ ಅದರ ಹೆಸರನ್ನು ಅಳವಡಿಸುವವರಿಗೆ ಮೊದಲೇ ತಿಳಿಸಿ. ಸಿಲಿಕೋನ್ ಉಳಿದ ಮೇಲ್ಮೈಯನ್ನು ಪೂರ್ತಿಯಾಗಿ ಶುದ್ಧಮಾಡದ ಹೊರತು ಹೊಸ ಫಿಲ್ಮಿನ ಅಂಟು ಹಿಡಿಯುವುದಿಲ್ಲ.